ಖಾಲಿಯಾದ ಹೆಪ್ಪು

“ಯಾವುದೂ ತಾನೊಂದೇ ಹುಟ್ಟುವುದಿಲ್ಲ ಎಂದು ಬುದ್ಧ ಹೇಳಿದರು...”

ಯಶೋಧರಾ ಬಾಯಿತುಂಬ ಅವಲಕ್ಕಿ ಮೊಸರು ಇಟ್ಟುಕೊಂಡೇ ಭಾಷಣ ಒಪ್ಪಿಸುತ್ತಿದ್ದಳು. ನಾಳೆ ಬುದ್ಧ ಪೂರ್ಣಿಮೆ. ಶಿಕಾರಿಪುರದ ಸಮುದಾಯ ಭವನದಲ್ಲಿ ಅವಳು ಮೈಕಿನ ಮುಂದೆ ನಿಲ್ಲಬೇಕು.

“ಅಕ್ಕಾ, ಹೆಪ್ಪಿಗೆ ಮೊಸರೆಲ್ಲೈತೆ?” ಎಂದ ತಮ್ಮ ಹೇಮಂತ್.

ಯಶೋಧರಾ ಮೊಸರಿನ ಪಾತ್ರೆ ನೋಡಿದಳು. ಖಾಲಿ.

ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಹಾಲು ಆರುತ್ತಿತ್ತು. ನಾಳೆ ಭವನಕ್ಕೆ ಬರುವವರಿಗೆಲ್ಲ ಇವರ ಮನೆಯ ಮಜ್ಜಿಗೆ. ಅಪ್ಪ ಅಲ್ಲಿ ಕುರ್ಚಿ ಜೋಡಿಸಲು ಹೋಗಿದ್ದ. ತವರೂರು ಜಡೆಗೆ ಹೋಗಿದ್ದ ಅಮ್ಮ ಬರುವುದು ಬೆಳಗಿನ ಬಸ್ಸಿಗೆ. “ಹಾಲು ಉಗುರುಬೆಚ್ಚಗಾದ ಕೂಡಲೇ ಹೆಪ್ಪು ಹಾಕು. ಒಂದು ಸೌಟು ಮೊಸರು ಎತ್ತಿಟ್ಟಿದೀನಿ” ಎಂದು ಹೇಳಿಯೇ ಹೋಗಿದ್ದಳು. ಆ ಮೊಸರು ಈಗ ಇಬ್ಬರ ಹೊಟ್ಟೆಯಲ್ಲಿತ್ತು.

“ನೀನೇ ಜಾಸ್ತಿ ತಿಂದಿದ್ದು.”

“ಬಟ್ಟಲು ನೆಕ್ಕಿದ್ದು ಯಾರು?”

ಹೇಮಂತ್ ಅಂಗಡಿಗೆ ಓಡಿಹೋಗಿ ಬರಿಗೈಲಿ ಬಂದ. “ಪ್ಯಾಕೆಟ್ ಎಲ್ಲಾ ಖಾಲಿ ಅಂತೆ. ಬಂಗಾರಮ್ಮತ್ತೆ ಮನೇಲಿ ಕೇಳಾಣ.”

ಯಶೋಧರಾಳ ಮುಖ ಸಪ್ಪಗಾಯಿತು. ಹೋದ ವಾರ ಪಕ್ಕದ ಮನೆಯ ಬಂಗಾರಮ್ಮ ಬಟ್ಟಲು ಹಿಡಿದು ಹೆಪ್ಪು ಕೇಳಲು ಬಂದಿದ್ದರು. ಅಮ್ಮ ಮನೆಯಲ್ಲಿರಲಿಲ್ಲ. “ನಮ್ಮ ಮೊಸರಿನ ರುಚಿ ನಮ್ಮನೇಲೇ ಇರ್ಲಿ ಅತ್ತೆ” ಎಂದು ಯಶೋಧರಾಳೇ ಹೇಳಿಬಿಟ್ಟಿದ್ದಳು.

“ನಾನು ಹೋಗಲ್ಲ.”

“ಸರಿ ಬಿಡು. ನಾಳೆ ಎಲ್ರಿಗೂ ಲೋಟದಾಗೆ ನಿನ್ನ ಭಾಷಣ ಹುಯ್ಯಿ.”

ಯಶೋಧರಾ ಬಟ್ಟಲು ತೆಗೆದುಕೊಂಡು ಎದ್ದಳು.

ಬಂಗಾರಮ್ಮ ಬಾಗಿಲಲ್ಲೇ ನಕ್ಕರು. “ಏನವ್ವಾ, ನಮ್ಮ ಮೊಸರು ನಿಮ್ಮ ಹಾಲಿಗೆ ಒಗ್ಗುತ್ತಾ?”

“ಅವತ್ತು ಹಂಗನ್ನಬಾರದಿತ್ತು ಅತ್ತೆ,” ಎಂದಳು ಯಶೋಧರಾ, ನೆಲ ನೋಡುತ್ತ.

“ಅಂದಿದ್ದು ಆಯ್ತು ಬಿಡು. ಹಾಲು ಪೂರ್ತಿ ತಣ್ಣಗಾದೀತು, ಬಟ್ಟಲು ಕೊಡು.” ಅವರು ಮೊಸರು ಹಾಕುತ್ತ ಹೇಳಿದರು, “ಇದು ಶ್ರೀಲತಾ ಟೀಚರ್ ಕೊಟ್ಟ ಹೆಪ್ಪಿಂದು. ಅವರಿಗೆ ಯುಗಾದೀಲಿ ನಿಮ್ಮಮ್ಮನೇ ಕೊಟ್ಟಿದ್ದಂತೆ.”

ಹೇಮಂತ್ ಕುಣಿದ. “ನಮ್ಮ ಮೊಸರೇ ಬೀದಿ ಸುತ್ತಿ ಬಂದೈತೆ!”

“ನಿಮ್ದೆಲ್ಲಿಂದ ಬಂತೋ? ಈ ಮನೆಗೆ ಬಂದಾಗ ನಿಮ್ಮಮ್ಮ ಜಡೆಯಿಂದ ಡಬ್ಬೀಲಿ ತಂದಿದ್ದಳು. ಬಸ್ಸಿನಾಗೆ ಮಗು ಕೂರಿಸ್ಕೊಂಡಂಗೆ ತೊಡೆ ಮೇಲೆ ಇಟ್ಕೊಂಡು.”

ಬೆಳಿಗ್ಗೆ ಪಾತ್ರೆ ವಾಲಿಸಿದರೂ ಮೊಸರು ಅಲುಗಲಿಲ್ಲ. ಕಡೆಯುವ ಮೊದಲೇ ಯಶೋಧರಾ ಎರಡು ಬಟ್ಟಲು ಮೊಸರು ಎತ್ತಿಟ್ಟಳು.

“ಎರಡ್ಯಾಕೆ?” ಬಸ್ಸಿಳಿದು ಬಂದಿದ್ದ ಅಮ್ಮ ಕೇಳಿದಳು.

“ಒಂದು ನಮಗೆ. ಒಂದು ಯಾರು ಕೇಳ್ತಾರೋ ಅವರಿಗೆ.”

ಭವನದಲ್ಲಿ ಭಾಷಣ ಎಲ್ಲೂ ತಪ್ಪಲಿಲ್ಲ. ಆಮೇಲೆ ಅವಳು ಲೋಟಗಳಿಗೆ ಮಜ್ಜಿಗೆ ತುಂಬುತ್ತ ನಿಂತಳು. ಬಿಸಿಲಲ್ಲಿ ನಡೆದು ಬಂದಿದ್ದ ಚೌಡಪ್ಪಜ್ಜ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ ಮೀಸೆ ಒರೆಸಿಕೊಂಡರು.

“ಯಾರ ಮನೆ ಮೊಸರಿಂದವ್ವಾ ಈ ಮಜ್ಜಿಗೆ?”

‘ನಮ್ಮನೇದು’ ಎನ್ನಲು ಬಾಯಿ ತೆರೆದ ಯಶೋಧರಾ ಅಷ್ಟಕ್ಕೇ ನಿಲ್ಲಿಸಿದಳು. ಎದುರಿಗೆ ಬಂಗಾರಮ್ಮ ಕುಳಿತಿದ್ದರು. ಅವರ ಪಕ್ಕದಲ್ಲಿ ಶ್ರೀಲತಾ ಟೀಚರ್. ಹಿಂದೆ ಅಮ್ಮ.

ಅವಳಿಗೆ ನಗು ಬಂತು.

“ಅದನ್ನ ಹೇಳಾಕೆ ಕೂತ್ರೆ ಮಜ್ಜಿಗೆ ಬಿಸಿಯಾಗುತ್ತೆ ಅಜ್ಜಾ. ಇನ್ನೊಂದು ಲೋಟ ಕುಡೀರಿ.”