ಯಾರೇಮಾನ ಸೂರ್ಯಕಾಂತಿ ಬೀಜ

ನಾನು ಕೀವ್‌ನಲ್ಲಿ ಇಪ್ಪತ್ತು ವರ್ಷ ಸಿನಿಮಾಗಳಿಗೆ ಶಬ್ದ ಹಿಡಿದವನು. ಕೇಳದ್ದನ್ನು ಕೇಳಿತೆನ್ನುವ ಚಟ ನನಗಿಲ್ಲ.

ಚಿತ್ರೀಕರಣ ಮುಗಿದಾಗಲೆಲ್ಲ, ಆಮೇಲೆ ಮಾತುಗಳ ನಡುವೆ ಸೇರಿಸಲೆಂದು, ಆ ಜಾಗದ ಮೌನವನ್ನು ಒಂದು ನಿಮಿಷ ದಾಖಲಿಸುವುದು ನಮ್ಮ ರೂಢಿ. ಎಲ್ಲರೂ ಉಸಿರು ಬಿಗಿಹಿಡಿದು ನಿಂತಾಗಲೇ ಲೈಟ್‌ಮ್ಯಾನ್ ಯಾರೇಮಾ ಟಕ್ಕೆಂದು ಸೂರ್ಯಕಾಂತಿ ಬೀಜ ಕಡಿಯುತ್ತಿದ್ದ. "ಎದ್ದು ಆಚೆ ನಡಿಯೋ!" ಎಂದು ನಿರ್ದೇಶಕ ಮಾರ್ಕಿಯಾನ್ ಗದರುತ್ತಿದ್ದರು. ಅವನು ಹಲ್ಲು ಕಿರಿಯುತ್ತಾ ಹೊರಡುತ್ತಿದ್ದ. ಎಂಥ ದಿನಗಳು!

ಯುದ್ಧದ ಮೊದಲ ಚಳಿಗಾಲ ಯಾರೇಮಾ ಸ್ವಯಂಸೇವಕ ಸೈನಿಕನಾಗಿ ಪೂರ್ವದ ಯುದ್ಧಭೂಮಿಗೆ ಹೋದ. ಅವನ ತುಕಡಿಗೆ ಉಣ್ಣೆಯ ಕಾಲುಚೀಲ, ಔಷಧ ಕೊಡಿಸಿರೆಂದು ಮಾರ್ಕಿಯಾನ್ ಜನರಿಗೊಂದು ಪತ್ರ ಬರೆದು, ಒಂದು ಮಧ್ಯಾಹ್ನ ಸ್ಟುಡಿಯೋದಲ್ಲಿ ಧ್ವನಿಮುದ್ರಣಕ್ಕೆಂದು ಓದಿದರು. ನಾವಿಬ್ಬರೇ ಇದ್ದೆವು. ಓದು ಮುಗಿದ ಮೇಲೆ ರೂಢಿಯಂತೆ ಕೋಣೆಯ ಮೌನವನ್ನು ದಾಖಲಿಸತೊಡಗಿದೆ.

ಟಕ್.

"ಎದ್ದು ಆಚೆ ನಡಿಯೋ, ಯಾರೇಮಾ!" ಮಾರ್ಕಿಯಾನ್ ಗದರಿಬಿಟ್ಟರು. ಆಮೇಲೆ ನನ್ನ ಮುಖ ನೋಡಿದರು. ಕೋಣೆಯಲ್ಲಿ ಹುರಿದ ಬೀಜದ ವಾಸನೆಯಿತ್ತು.

ಕಾಲುಚೀಲ ತಲುಪಿದ ದಿನ ಯಾರೇಮಾ ಫೋನ್ ಮಾಡಿದ. "ಹೋದ ತಿಂಗಳು ಒಂಬತ್ತನೇ ತಾರೀಖು ಮಧ್ಯಾಹ್ನ ಕಂದಕದಲ್ಲಿ ಬೀಜ ತಿಂತಾ ಕೂತಿದ್ದೆ ಕಣೋ. ಡೈರೆಕ್ಟ್ರು ಬೈದಂಗಾಯ್ತು. ಹಳೇ ಅಭ್ಯಾಸ ನೋಡು, ಎದ್ದು ಆಚೆ ಬಂದೆ. ನಾನು ಕೂತಿದ್ದ ಜಾಗಕ್ಕೇ ಶೆಲ್ ಬಿತ್ತು."

ಪತ್ರ ಓದಿದ್ದೂ ಅದೇ ಒಂಬತ್ತನೇ ತಾರೀಖು; ಆ ಟೇಪ್ ಈಗಲೂ ನನ್ನ ಬಳಿ ಇದೆ. ಬೀಜ ಕಡಿದ ಸದ್ದು ಅದರಲ್ಲಿ ಸ್ಪಷ್ಟವಾಗಿದೆ. ಮಾರ್ಕಿಯಾನ್ ಗದರಿದ್ದು ಮಾತ್ರ ಇಲ್ಲ.