ಮೇಲಕ್ಕೆ ಹರಿದ ಕುಂಕುಮ

ಅಸುಂಡಿ ಹೊಲದ ಶೆಡ್ಡಿನಲ್ಲಿ ವಿಮಾನವಿತ್ತು — ಅದರ ಮೂತಿಯೇ ಇರಲಿಲ್ಲ!

ಗವಿಸಿದ್ದೇಶ ಕೈಯಾರೆ ಕಟ್ಟಿದ ಪುಟ್ಟ ವಿಮಾನ. ಪಂಖದ ನಡುವೆ ಕೂರುವ ಬಿಳಿ ಟೋಪಿ, ಅಂದರೆ ಸ್ಪಿನ್ನರ್, ಬೆಳಗಾಗುವಷ್ಟರಲ್ಲಿ ಮಾಯ. ಮಧ್ಯಾಹ್ನ ಗದಗಿನ ಗಣ್ಯರೆದುರು ಅದನ್ನು ಓಡಿಸಿ ತೋರಿಸಬೇಕಿತ್ತು.

"ಕಾವಲುಗಾರ ಮೂಕಪ್ಪಂದ ಕೆಲಸ ರೀ ಇದು. ಠಾಣೆಗೆ ಒಪ್ಪಸ್ರಿ," ಎಂದ ಗವಿಸಿದ್ದೇಶ.

ನಾಗರತ್ನಾ ಶೆಡ್ಡಿನ ತುಂಬ ಕಣ್ಣಾಡಿಸಿದಳು. ಅವನ ತಾಯಿ ಅಮೃತವ್ವ ಕರೆಸಿದ್ದಕ್ಕೆ ಬಂದಿದ್ದಳು. ಮುಂಡರಗಿ ಠಾಣೆಯಲ್ಲಿ ಹವಾಲ್ದಾರಳಾಗಿ ನಿವೃತ್ತಳಾದ ನಾಗರತ್ನಾಳಿಗೆ ಕಳ್ಳರ ಮೇಲೆ ಸಿಟ್ಟು. ಕಂಡವರತ್ತ ಬೆರಳು ತೋರಿಸುವವರ ಮೇಲೆ ಬರೀ ತಾತ್ಸಾರ. ಇವನಂತೂ ಶೆಡ್ಡಿನೊಳಗೂ ಕಪ್ಪು ಕನ್ನಡಕ ತೆಗೆದಿರಲಿಲ್ಲ.

ಮೂಕಪ್ಪ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಕಳ್ಳನೆಂಬ ಹೆಸರು ಬಂದರೆ ಇನ್ನು ಅವನನ್ನು ಯಾರು ಕಾವಲಿಗಿಟ್ಟಾರು?

"ಕಡೀಕ ಟೋಪಿ ನೋಡಿದ್ದು ಯಾವಾಗಪಾ?" ನಾಗರತ್ನಾ ಗವಿಸಿದ್ದೇಶನನ್ನು ಕೇಳಿದಳು.

"ನಿನ್ನೆ ಸಂಜಿ ಕೂಡ್ರಿಸಿ ಸ್ಕ್ರೂ ಬಿಗದೆ. ಅವ್ವ ಪೂಜಿ ಮಾಡಿದ್ಲು."

"ಕುಂಕುಮ ಎಲ್ಲೆಲ್ಲಿ ಹಚ್ಚಿದ್ರಿ, ಅಮೃತವ್ವಾರ?"

"ಟೋಪಿ ತುದಿಗಷ್ಟ ರೀ. ಹಸಿ ಕುಂಕುಮ."

"ಆಮ್ಯಾಲೆ ಎಂಜಿನ್ ಚಾಲೂ ಮಾಡಿದ್ಯೇನು?"

"ಮುಟ್ಟೇ ಇಲ್ಲರಿ! ಎಂಜಿನ್ ಕೀಲಿ ನನ್ನ ಕೊರಳಾಗ ಐತಿ," ಎಂದ ಗವಿಸಿದ್ದೇಶ.

"ಮೂಕಪ್ಪಾ, ನೀ ಎಲ್ಲಿದ್ದಿ?"

"ಪೂಜಿ ಆದಕೂಡ್ಲೆ ಸಾಹೇಬ್ರು ಉಣ್ಣಾಕ ಮನಿಗೆ ಕಳಿಸಿದ್ರು ರೀ."

ನಾಗರತ್ನಾ ಪಂಖದೆದುರು ನಿಂತಳು. ಒಂದು ಅಲಗು ನೆಟ್ಟಗೆ ಮೇಲೆ, ಇನ್ನೊಂದು ಕೆಳಗೆ. ಎರಡರ ಮೇಲೂ ಸಣ್ಣ ಕೆಂಪು ಗೀರುಗಳು. ಬುಡದ ಸ್ಕ್ರೂಗೆ ಬಿಳಿ ಚೂರೊಂದು ಸಿಕ್ಕಿಕೊಂಡಿತ್ತು. ಆಕೆ ನಕ್ಕಳು.

"ಏನಪಾ ವಿಮಾನದ ಸಾಹೇಬಾ, ಕುಂಕುಮ ಮ್ಯಾಲಕ್ಕ ಹರಿತೈತೇನು?"

"ಅಂದ್ರ?"

"ಮ್ಯಾಲಿನ ಅಲಗಿನಾಗ ಗೀರು ಬುಡದಿಂದ ತುದೀಗೆ ಏರ್ಯಾವ. ಪಂಖ ಜೋರ್ ತಿರುಗಿದ್ರಷ್ಟ ಹಸಿ ಕುಂಕುಮ ಹಂಗ ಸಿಡೀತೈತಿ. ಕೀಲಿ ನಿನ್ನ ಕೊರಳಾಗ — ಮೂಕಪ್ಪ ಬಾಯಿಲೆ ಊದಿ ತಿರುಗಿಸಿದ್ನೇನು?"

ಗವಿಸಿದ್ದೇಶ ಕನ್ನಡಕ ತೆಗೆದ.

"ಟೋಪಿ ನಟ್ಟನಡುವ ಕುಂತೈತೋ ಇಲ್ಲೋ ಅಂತ ಕೈಲೆ ತಿರುಗಿಸಿ ನೋಡಾಕ ಪುರಸೊತ್ತಿಲ್ಲ ನಿನಗ. ಚಾಲೂ ಮಾಡಿದಿ, ವಾಲಾಡಿ ಒಡೀತು. ಒಡದದ್ದು ಹೇಳಾಕ ನಾಚಿಕಿ. ಬಡವನ್ನ ಕಳ್ಳ ಮಾಡಾಕ ನಾಚಿಕಿಲ್ಲ! ಥೂ!"

ಗವಿಸಿದ್ದೇಶನ ಕಣ್ಣು ಹೊರಗಿದ್ದ ತನ್ನ ಕಾರಿನತ್ತ ಸರಿಯಿತು. ಅಮೃತವ್ವ ತಾನೇ ಹೋಗಿ ಡಿಕ್ಕಿ ತೆರೆದಳು. ಗೋಣಿಚೀಲದಡಿ ಸೀಳಿದ ಬಿಳಿ ಟೋಪಿ. ತುದಿಯಲ್ಲಿ ಅವಳದೇ ಕುಂಕುಮದ ಕಲೆ. ಅದನ್ನು ತಂದು ಮಗನ ಕೈಗಿತ್ತಳು.

"ಆತು ಬಿಡು, ಮೂಕಪ್ಪಾ," ಎಂದ ಗವಿಸಿದ್ದೇಶ. "ಮಂದಿ ಬರೂ ಹೊತ್ತಾತು, ಜಲ್ದಿ ದೊಡ್ಡ ಬಾಗ್ಲಾ ತಗಿ."

ಮೂಕಪ್ಪ ಸೊಂಟದಿಂದ ಶೆಡ್ಡಿನ ಕೀಲಿ ಬಿಚ್ಚಿ ಆ ಒಡಕು ಟೋಪಿಯೊಳಗೆ ಹಾಕಿದ.

"ನಿಮ್ಮ ವಿಮಾನಾ ಇನ್ನ ನೀವ ಕಾಯ್ರಿ, ಸಾಹೇಬ್ರ."