ಒಂಬತ್ತನೇ ಪಾಠದ ಅಳು

ಮುಖಕ್ಕೆ ಬಳಿಯುವ ಬಿಳಿ ಸಫೇತ, ಕೊಬ್ಬರಿ ಎಣ್ಣೆ, ಬೆವರು ಕುಡಿದು ಮಾಸಿದ ಜರಿಸೀರೆ, ಹಿತ್ತಿಲಲ್ಲಿ ಗುಡುಗುಡಿಸುವ ಜನರೇಟರಿನ ಡೀಸೆಲ್ ಹೊಗೆ. ಇವೆಲ್ಲ ಬೆರೆತ ಆ ವಾಸನೆಯಲ್ಲೇ ಇಂದ್ರಾಬಾಯಿ ಹುಟ್ಟಿ ಬೆಳೆದದ್ದು. ನಾಟಕ ಕಂಪನಿಯ ತಗಡಿನ ಥಿಯೇಟರಿನ ಹಿಂದೆ, ಬಣ್ಣದ ಕೋಣೆಯ ಟ್ರಂಕಿನ ಮೇಲೆ ಕೌದಿ ಹಾಸಿ ಮಲಗಿಸಿದ್ದ ಮಗು ಆಕೆ. ಅರವತ್ತು ದಾಟಿದ ಮೇಲೂ, ಅಭಿನಯಕ್ಕೆ ನಿಂತೊಡನೆ ಆಕೆಯ ಮೂಗು ಮೊದಲು ಅದನ್ನೇ ಹುಡುಕುತ್ತಿತ್ತು.

ಇಲ್ಲಿ ಅದು ಸಿಗಲಿಲ್ಲ. ಹುಬ್ಬಳ್ಳಿಯ ಹೊರವಲಯದ ಈ ಬಿಳಿಯ ಕೋಣೆಗೆ ಯಾವ ವಾಸನೆಯೂ ಇರಲಿಲ್ಲ. ದುಂಡನೆಯ ಗೋಡೆಯ ತುಂಬ ತೊಂಬತ್ತಾರು ಕ್ಯಾಮೆರಾ ಕಣ್ಣುಗಳು, ನಡುವೆ ಒಂದು ಕುರ್ಚಿ. ಕುರ್ಚಿಯಲ್ಲಿ ಕುಳಿತ ಇಂದ್ರಾಬಾಯಿ ಹುಬ್ಬೆತ್ತಿದರೆ, ಎದುರಿನ ಪರದೆಯ ಮೇಲಿನ ಇನ್ನೊಬ್ಬ ಇಂದ್ರಾಬಾಯಿಯೂ ಹುಬ್ಬೆತ್ತುತ್ತಿದ್ದಳು.

"ಇದಕ್ಕ ಭಾವಮುದ್ರಣ ಯಂತ್ರ ಅಂತೀವ್ರಿ," ಎಂದಳು ಅದನ್ನು ರೂಪಿಸಿದ ವಿಜ್ಞಾನಿ ಡಾ. ಮೇಧಾ ಶಿರೂರ. "ನಿಮ್ಮ ನಗು, ಸಿಟ್ಟು, ಅಳು ಎಲ್ಲಾದರದೂ ಅಚ್ಚು ತಗೋತದ. ಆಮೇಲೆ ನೀವು ಇಲ್ಲದಿದ್ರೂ ನಿಮ್ಮ ಛಾಯಾವ್ಯಕ್ತಿ ಮಾತಾಡ್ತಾಳ, ಕೇಳಿದ್ದಕ್ಕ ಉತ್ತರ ಕೊಡ್ತಾಳ."

"ಅಂದ್ರ ನಾನು ಮನ್ಯಾಗ ಮಲಗಿರ್ತೀನಿ, ಆಕಿ ಇಲ್ಲಿ ಪಾರ್ಟು ಮಾಡ್ತಿರ್ತಾಳ?"

"ಹೌದ್ರೀ."

"ಪುಣ್ಯಾಕ ನಮ್ಮ ಕಂಪನಿ ಮಾಲಕಗ ಇದು ಗೊತ್ತಿದ್ದಿಲ್ಲ ಬಿಡವಾ. ನಮ್ಮನ್ನೆಲ್ಲಾ ಅವತ್ತ ಗಂಟುಮೂಟಿ ಕಟ್ಟಿಸ್ತಿದ್ದ."

ಮೇಧಾ ನಕ್ಕಳು. ನಿರಾಳ ವಿಮಾ ಸಂಸ್ಥೆಯು ತನ್ನ ಹೊಸ ನೌಕರರ ತರಬೇತಿಗೆಂದು ಈ ಏರ್ಪಾಡು ಮಾಡಿತ್ತು. ಕಣ್ಣು ಕಿವಿಗಳನ್ನು ಪೂರ್ತಿ ಮುಚ್ಚುವ ಕವಚವೊಂದನ್ನು ತೊಟ್ಟ ನೌಕರ ಒಂದು 'ಭಾಸಲೋಕ'ದೊಳಗೆ ಹೋಗುತ್ತಾನೆ. ಅಲ್ಲಿ ನಿಜವಾದ ಕೌಂಟರಿನಂಥದೇ ಒಂದು ಕೌಂಟರು. ಎದುರಿಗೆ ಒಬ್ಬೊಬ್ಬರೇ ಗಿರಾಕಿಗಳು ಬಂದು ಕೂರುತ್ತಾರೆ. ರೇಗುವವರು, ಸುಳ್ಳು ಹೇಳುವವರು, ದಿಕ್ಕು ತೋಚದೆ ಅಳುವವರು. ಯಾರೂ ನಿಜವಲ್ಲ, ಆದರೆ ನಿಜವಲ್ಲವೆಂದು ಎದೆ ಒಪ್ಪುವುದಿಲ್ಲ. ಈಜು ಕಲಿಯುವವರನ್ನು ಮೊದಲು ಬಾವಿಗಿಳಿಸದೆ ತೊಟ್ಟಿಗಿಳಿಸುವ ಹಾಗೆ ಇದು.

"ಅಳೋರನ್ನ ಕಂಡ್ರ ಹೊಸ ಹುಡುಗ್ರು ಹೆದರ್ತಾರ. ಹೆದರಿದವರು ಒದರ್ತಾರ. ಅದಾಗಬಾರದು, ಸಮಾಧಾನದಿಂದ ಕೇಳೂದು ಕಲೀಬೇಕು ಅಂತ ನನ್ನ ಆಸೆ," ಎಂದಳು ಮೇಧಾ.

ಇಂದ್ರಾಬಾಯಿಗೆ ಆ ಹುಡುಗಿಯ ಮಾತು ಹಿಡಿಸಿತು. ಈ ಕೆಲಸಕ್ಕೆ ಪ್ರತಿಯಾಗಿ ಸಂಸ್ಥೆ ಆಕೆಗೂ, ಆಕೆಯ ಗಂಡ, ಕಂಪನಿಯಲ್ಲಿ ಕಾಲುಪೆಟ್ಟಿಗೆ ಹಾರ್ಮೋನಿಯಂ ನುಡಿಸುತ್ತಿದ್ದ ನಿಂಗೋಜಿ ಮಾಸ್ತರರಿಗೂ ಬದುಕಿರುವ ತನಕ ಆರೋಗ್ಯ ವಿಮೆ ಕೊಡುವುದೆಂದು ಕರಾರಾಗಿತ್ತು. ಆಕೆ ಸೆರಗು ಸರಿಪಡಿಸಿಕೊಂಡು ಅತ್ತಳು. ಎದೆ ಬಡಿದುಕೊಂಡು, ದನಿಯನ್ನು ತಾರಕಕ್ಕೆ ಏರಿಸಿ, ನಡುವೆ ತುಂಡರಿಸಿ. ಕಂಪನಿ ಗದಗಿನಲ್ಲಿ ಕ್ಯಾಂಪು ಹೂಡಿದ್ದಾಗ ಈ ಅಳುವಿಗೆ ಮೂರು ಸಲ ವನ್ಸ್‌ಮೋರ್ ಬಿದ್ದದ್ದುಂಟು.

ಪರದೆಯ ಮೂಲೆಯಲ್ಲಿ ಕೆಂಪು ಅಕ್ಷರ ಮೂಡಿತು: ಕೃತಕ.

ಮೇಧಾ ಮುಜುಗರದಿಂದ ಹೇಳಿದಳು, "ಅಕ್ಕಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಕಣ್ಣ ಸುತ್ತಿನ ಸಣ್ಣ ಸ್ನಾಯುಗಳನ್ನ ಇದು ಅಳೀತದ. ನಟನಾ ಅಂದ್ರ ಇದಕ್ಕ ಗೊತ್ತಾಗಿಬಿಡ್ತದ."

ಎರಡು ದಿನ ಹೀಗೇ ಕಳೆಯಿತು. ಮೂರನೆಯ ದಿನ ಇಂದ್ರಾಬಾಯಿ ಬೇರೆ ದಾರಿ ಕಾಣದೆ, ಮೂವತ್ತು ವರ್ಷ ಮುಟ್ಟದೆ ಇಟ್ಟಿದ್ದ ಒಂದು ದಿನಕ್ಕೆ ಹೋದಳು. ಇಳಕಲ್ಲಿನ ಕ್ಯಾಂಪು. ನಾಲ್ಕು ವರ್ಷದ ಮಗಳು, ಜ್ವರ. ಬೆಳಿಗ್ಗೆ ಮಣ್ಣು ಮಾಡಿ ಬಂದು ಸಂಜೆ ಬಣ್ಣ ಹಚ್ಚಿದ್ದು. ಈ ಅಳುವಿಗೆ ದನಿಯೇ ಇರಲಿಲ್ಲ. ತುಟಿ ಬಿಗಿದಿದ್ದವು, ಎಡಗೈ ಸೆರಗಿನ ಅಂಚನ್ನು ಹಿಂಡುತ್ತಿತ್ತು, ಕಣ್ಣು ಎದುರಿಗಿದ್ದ ಮೇಧಾಳ ಕೈಗಳ ಮೇಲೆ ನೆಟ್ಟಿದ್ದವು, ಆ ಕೈಗಳು ಏನಾದರೂ ಮಾಡಬಲ್ಲವೇನೋ ಎಂಬಂತೆ.

ಹಸಿರು ಅಕ್ಷರ ಮೂಡಿತು: ನಿಜ.

ಮೇಧಾ ಉರಿಯುವ ದೀಪಗಳನ್ನು ಆರಿಸಿ, ಒಂದು ಲೋಟ ನೀರು ತಂದು, ಆಕೆ ಕೈ ಚಾಚುವ ತನಕ ಲೋಟ ಹಿಡಿದುಕೊಂಡೇ ಪಕ್ಕದಲ್ಲಿ ಕುಳಿತಿದ್ದಳು. ಆ ಅಳುವೇ ತರಬೇತಿಯ ಒಂಬತ್ತನೇ ಪಾಠವಾಯಿತು.

ಐದು ವರ್ಷಗಳಾದವು. ಮಾಸ್ತರರ ಹೃದಯದ ಕವಾಟ ಕೆಟ್ಟಿತು. ನಾಲ್ಕು ಹೆಜ್ಜೆ ನಡೆದರೆ ಮೀನಿನಂತೆ ಬಾಯಿ ತೆರೆಯುತ್ತಿದ್ದರು. ಈ ವಾರದೊಳಗೆ ಶಸ್ತ್ರಚಿಕಿತ್ಸೆಯಾಗಬೇಕು, ವಿಮೆಯವರ ಒಪ್ಪಿಗೆ ಪತ್ರ ತನ್ನಿ ಎಂದರು ಆಸ್ಪತ್ರೆಯವರು. 'ಕಾಯಿಲೆ ಕರಾರಿಗೆ ಮೊದಲೇ ಇತ್ತು, ಆದ್ದರಿಂದ ಒಪ್ಪಿಗೆ ಇಲ್ಲ' ಎಂದು ಸಂಸ್ಥೆ ಉತ್ತರ ಕಳಿಸಿತು. ಉಳಿದದ್ದು ಒಂದೇ ದಾರಿ. ಕೌಂಟರಿನ ನೌಕರ ಮನಸ್ಸು ಮಾಡಿದರೆ ಹಳದಿ ಗುಂಡಿಯೊಂದನ್ನು ಒತ್ತಿ, ಅರ್ಜಿಯನ್ನು ಮರುವಿಚಾರಣೆಗೆಂದು ವೈದ್ಯ ಮಂಡಳಿಗೆ ಕಳಿಸಬಹುದಿತ್ತು. ಮಂಡಳಿ ಹೆಚ್ಚಾಗಿ ಇಲ್ಲವೆನ್ನುತ್ತಿರಲಿಲ್ಲ.

ಕೌಂಟರಿನಲ್ಲಿದ್ದವನು ಸಮರ್ಥ ಕಮ್ಮಾರ ಎಂಬ ಯುವಕ. ಕಣ್ಣಿಗೆ ತೆಳ್ಳನೆಯ ಸೂಚನಾ ಕನ್ನಡಕ. ಎದುರಿಗಿನ ಜಗತ್ತನ್ನು ಮುಚ್ಚದೆ ಅದರ ಮೇಲೆಯೇ ಅಕ್ಷರ ಬರೆದು ತೋರಿಸುವ ಕನ್ನಡಕ ಅದು. ಗಿರಾಕಿಯ ಹೆಸರು, ಅರ್ಜಿ, ಮುಖಭಾವ ಎಲ್ಲವೂ ಅವನ ಕಣ್ಣ ಮುಂದೆ ತೇಲುತ್ತಿದ್ದವು.

ಅಳಬಾರದೆಂದುಕೊಂಡೇ ಇಂದ್ರಾಬಾಯಿ ಕುಳಿತಳು. ಆದರೆ ಮಾಸ್ತರರ ಬಾಯಿ ತೆರೆಯುವುದನ್ನು ಹೇಳಹೊರಟಾಗ ತುಟಿ ತಾನಾಗಿ ಬಿಗಿಯಿತು. ಎಡಗೈ ಸೆರಗನ್ನು ಹಿಂಡಿತು. ಕಣ್ಣು ಹೋಗಿ ಅವನ ಕೈಗಳ ಮೇಲೆ ನಿಂತವು.

ಸಮರ್ಥನ ತಲೆ ಸ್ವಲ್ಪ ಎಡಕ್ಕೆ ವಾಲಿತು. ನೀರಿನ ಲೋಟ ಮುಂದೆ ಸರಿಯಿತು. "ನಿಮ್ಮ ನೋವು ನಮಗೆ ಅರ್ಥವಾಗುತ್ತದೆ, ಅಮ್ಮ. ನಿಧಾನವಾಗಿ ಸುಧಾರಿಸಿಕೊಳ್ಳಿ." ಅಚ್ಚುಕಟ್ಟಾದ ಪುಸ್ತಕದ ಭಾಷೆ. ಒಂದಕ್ಷರ ಕಂಪಿಸಲಿಲ್ಲ.

ಇಂದ್ರಾಬಾಯಿ ಕಣ್ಣೊರೆಸಿಕೊಂಡಳು. "ನನ್ನ ಗುರ್ತು ಸಿಕ್ಕತೇನು ತಮ್ಮಾ?"

ಅವನು ಊರಿನ ದನಿಯಲ್ಲಿ ಹೇಳಿದ, "ನೀವು ಬಾಗಿಲದಾಗ ಬಂದ ಕೂಡಲೇ ಸಿಕ್ಕತ್ರಿ. ಒಂಬತ್ತನೇ ಪಾಠ. ನಿಮ್ಮ ಮುಂದ ನಾ ಮೂರು ಸಲ ಫೇಲಾಗೀನ್ರಿ. ಮೂರೂ ಸಲ ಮನಸು ಕರಗಿ ಹಳದಿ ಗುಂಡಿ ಒತ್ತಿಬಿಟ್ಟಿದ್ದೆ. ಪಾಠದಾಗ ಕರಗಿದ್ರ ಫೇಲ್ರಿ. ಕಡೀ ಅವಕಾಶ ಅಂದ್ರು. ಮನ್ಯಾಗ ತಂಗಿ ಕಲೀತಿದ್ಲು."

"ಆಮ್ಯಾಲ?"

"ಆಮ್ಯಾಲ ದಿನಾ ನಿಮ್ಮನ್ನ ಕುಂದರಿಸ್ಕೊಂಡು ನೋಡಿದ್ನಿರಿ. ನಾಲ್ಕನೂರು ಸಲ ಇರಬೇಕು. ಪಾಸಾದೆ."

"ಚಲೋ ಆತಪಾ. ಈಗ ಇನ್ನೊಂದು ಸಲ ಫೇಲಾಗು. ಇವತ್ತ ಕುಂತಾಕಿ ಖರೇನ ನಾನು."

ಸಮರ್ಥ ಅತ್ತಿತ್ತ ನೋಡಿ ಹಳದಿ ಗುಂಡಿ ಒತ್ತಿದ. ಅದು ಬೆಳಗಲಿಲ್ಲ. ಮತ್ತೆ ಒತ್ತಿದ. ಮತ್ತೂ ಒಮ್ಮೆ, ಹೆಬ್ಬೆರಳು ಬೆಳ್ಳಗಾಗುವಂತೆ.

"ಕನಿಕರದ ಬೀಗ ಐತ್ರಿ," ಎಂದ. ನೌಕರರು ಲಂಚಕ್ಕೋ ಪರಿಚಯಕ್ಕೋ ಶಿಫಾರಸು ಮಾಡಬಾರದೆಂದು ಸಂಸ್ಥೆ ಇಟ್ಟ ಕಾವಲು ಅದು. ಕನ್ನಡಕದ ಕಡ್ಡಿ ಕಿವಿಯ ಹಿಂದಿನ ನಾಡಿಯನ್ನು ಓದುತ್ತದೆ. ಗಿರಾಕಿಯ ಕಷ್ಟ ಕೇಳಿ ನೌಕರನ ಎದೆ ನಿಜವಾಗಿ ಮಿಡಿದರೆ ಮಾತ್ರ ಗುಂಡಿ ತೆರೆಯುತ್ತದೆ. "ನನಗ ಮನಸೈತ್ರಿ. ನಿಮಗ ಆಗಬೇಕು ಅಂತೈತಿ. ಆದ್ರ ನೀವು ಅತ್ತಾಗ ಎದ್ಯಾಗ ಏನೂ ಆಗಂಗಿಲ್ಲ. ಹೋದ ವರ್ಷ ನಮ್ಮ ಅಜ್ಜಿ ಹೋದಾಗ ನಮ್ಮವ್ವ ಹಿಂಗ ಬಾಯಿ ಮುಚ್ಕೊಂಡು ಅತ್ಲು. ಆಕಿಗೂ ನೀರು ಕೊಟ್ಟು ಸುಮ್ಮ ಕುಂತಿದ್ದೆ. 'ಕಲ್ಲಾಗೀಯೇನೋ' ಅಂದ್ಲು."

ಇಂದ್ರಾಬಾಯಿ ಅವನ ಮುಖವನ್ನೇ ನೋಡಿದಳು. ಪಾಪ, ಇನ್ನೂ ಮೀಸೆ ಸರಿಯಾಗಿ ಬಲಿಯದ ಮುಖ. ಇವನಿಗೆ ತನ್ನ ನಿಜವಾದ ಅಳು ಹಳತಾಗಿದೆ. ಇವನು ನೋಡದ ಅಳು ತನ್ನ ಬಳಿ ಇನ್ನೊಂದಿದೆ. ಆಕೆ ಎದ್ದು ನಿಂತಳು. ಸೆರಗನ್ನು ಸೊಂಟಕ್ಕೆ ಬಿಗಿದಳು. ಹತ್ತಾರು ಜನ ತಿರುಗಿ ನೋಡುವಂತೆ, ಕಡೆಯ ಬೆಂಚಿನವರೆಗೂ ದನಿ ಮುಟ್ಟಬೇಕೆಂಬ ಹಳೆಯ ಲೆಕ್ಕದಲ್ಲಿ, ಎದೆ ಬಡಿದುಕೊಂಡು ಅತ್ತಳು.

"ಯಪ್ಪಾ, ನನ್ನ ಕುಂಕುಮಾ ಉಳಿಸೋ! ನನ್ನ ರಾಜನ ಉಸಿರು ನಿನ್ನ ಬೆರಳಿನ್ಯಾಗ ಐತೋ!"

ಸಮರ್ಥ ಬೆಚ್ಚಿದ. ಅವನ ಕಿವಿ ಕೆಂಪಾಯಿತು, ಕಣ್ಣು ತುಂಬಿ ಬಂದವು. ಯಾವ ಪಾಠದಲ್ಲೂ ಇರದ ಅಳು ಅದು. ಗುಂಡಿ ಹಳದಿಯಾಗಿ ಬೆಳಗಿತು. "ತೆರೀತ್ರಿ! ಅಮ್ಮಾರ, ತೆರೀತು!" ಎಂದು ಒತ್ತಿಯೇ ಬಿಟ್ಟ.

ಅರ್ಜಿ ಮಂಡಳಿಯ ಕಡೆಗೆ ಹೊರಡಲು ಅಣಿಯಾಯಿತು. ಹೊರಡುವ ಮುನ್ನ ಕನ್ನಡಕದೊಳಗಿನ ಯಂತ್ರ ಗಿರಾಕಿಯ ಮುಖವನ್ನು ಕೊನೆಯ ಬಾರಿ ಓದಿತು. ಸಮರ್ಥನ ಕನ್ನಡಕದಲ್ಲಿ ಮೂಡಿದ ಕೆಂಪು ಅಕ್ಷರಗಳು ಇಂದ್ರಾಬಾಯಿಗೆ ಹಿಂದುಮುಂದಾಗಿ ಕಂಡವು. ಆಕೆ ಅವನ್ನು ಓದಬೇಕಾಗಿರಲಿಲ್ಲ.

"ಏನಂತಪಾ?"

"ಭಾವ ಕೃತಕ... ವಂಚನೆ ಯತ್ನ. ಅರ್ಜಿ ಶಾಶ್ವತವಾಗಿ ಮುಕ್ತಾಯ." ಅವನ ಬಾಯಿಯಿಂದ ಮತ್ತೆ ಪುಸ್ತಕದ ಭಾಷೆ ಬಂದಿತ್ತು. ಆದರೆ ಈ ಸಲ ತಡವರಿಸಿತು. "ಇನ್ನ ಇದನ್ನ ಯಾರಿಗೂ ತೆಗಿಯಾಕ ಬರಂಗಿಲ್ರಿ."

ಹೊರಗಿನ ಬೆಂಚಿನಲ್ಲಿ ಕುಳಿತು ಆಕೆ ಮೇಧಾಗೆ ಫೋನು ಮಾಡಿದಳು. ಮೇಧಾ ಸಂಸ್ಥೆ ಬಿಟ್ಟು ಎರಡು ವರ್ಷವಾಗಿತ್ತು.

"ಆ ಬೀಗಾನೂ ನಾನ ಮಾಡಿದ್ದು, ಅಕ್ಕಾರ," ಎಂದಳು ಎಲ್ಲವನ್ನೂ ಕೇಳಿದ ಮೇಲೆ. "ಮನಸು ಕರಗಿದವರ ಮಾತು ಮೇಲೆ ಮುಟ್ಟಲಿ ಅಂತ ಮಾಡಿದೆ. ತರಬೇತಿ ಒಂದು ಕೋಣ್ಯಾಗ, ಬೀಗ ಇನ್ನೊಂದು ಕೋಣ್ಯಾಗ. ಎರಡೂ ಒಂದ ಎದಿಯೊಳಗ ಬಂದು ಕುಂದರ್ತಾವ ಅಂತ ನನಗ ಹೊಳೀಲೇ ಇಲ್ಲ. ಯಾರ‍್ಯಾರಿಗೆ ಫೋನ್ ಮಾಡಬೇಕೋ ಮಾಡ್ತೀನಿ. ಆದ್ರ... ನಿಮಗ ಸುಳ್ಳು ಹೇಳಂಗಿಲ್ಲ."

"ಹೇಳಬ್ಯಾಡವಾ. ನೀನು ಅವತ್ತ ದೀಪಾ ಆರಿಸಿದ್ದು ನನಗ ನೆನಪೈತಿ," ಎಂದಳು ಇಂದ್ರಾಬಾಯಿ.

ಫೋನಿಟ್ಟ ಮೇಲೆ ಆಸ್ಪತ್ರೆಯ ಸಂದೇಶ ಕಂಡಿತು. ಒಪ್ಪಿಗೆ ಬಾರದ ಕಾರಣ ರೋಗಿಯನ್ನು ನಾಳೆ ಬೆಳಿಗ್ಗೆ ಮನೆಗೆ ಕರೆದೊಯ್ಯಬೇಕು. ಮಾಸ್ತರರಿಗೆ ಹೇಗೆ ಹೇಳುವುದೆಂದು ಆಕೆ ಯೋಚಿಸಿದಳು. ಸುಳ್ಳು ಹೇಳಿದರೆ ಅವರಿಗೆ ಗೊತ್ತಾಗುತ್ತದೆ. ನಲವತ್ತು ವರ್ಷ ಆಕೆಯ ದನಿಗೆ ಶ್ರುತಿ ಹಿಡಿದವರು. ಸುಮ್ಮನೆ ಪಕ್ಕದಲ್ಲಿ ಕೂತರೆ ಅದೂ ಗೊತ್ತಾಗುತ್ತದೆ.

ಮಧ್ಯಾಹ್ನದ ಬಿಡುವಿಗೆ ಕೌಂಟರಿನ ಕಿಟಕಿಗಳು ಒಂದೊಂದಾಗಿ ಮುಚ್ಚಿದವು. ಸಮರ್ಥ ಹೊರಗೆ ಬಂದ. ಕನ್ನಡಕ ಇರಲಿಲ್ಲ. ಅದು ಕೂತಿದ್ದ ಜಾಗದಲ್ಲಿ ಮೂಗಿನ ಎರಡೂ ಬದಿ ಕೆಂಪು ಗುರುತು. ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ. ಕೈಯಲ್ಲಿದ್ದ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟು ಬಿಚ್ಚಿದ. ಎರಡು ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಸಣ್ಣ ಡಬ್ಬಿಯಲ್ಲಿ ಮೊಸರು. ಅವನ ತಾಯಿ ರೊಟ್ಟಿಯ ನಡುವೆ ಶೇಂಗಾ ಚಟ್ನಿಯನ್ನು ಕಾಗದದಲ್ಲಿ ಮಡಿಸಿ ಇಟ್ಟಿದ್ದಳು. ಅವನು ಆ ಕಾಗದವನ್ನೂ ಬಿಡಿಸಿ, ಮೊಸರಿನ ಡಬ್ಬಿಯ ಬಿಗಿ ಮುಚ್ಚಳವನ್ನು ತೆರೆದು, ಎಲ್ಲವನ್ನೂ ಅದೇ ಬಟ್ಟೆಯ ಮೇಲೆ ಜೋಡಿಸಿ, ಎರಡೂ ಕೈಯಲ್ಲಿ ಹಿಡಿದು ಆಕೆಯ ಮುಂದೆ ಚಾಚಿದ.